ಶಾಂತಿಯ ಕಾವಲಿಗೆ ನಿಂತ ಸೇನಾನಿ ಜನರಲ್ ತಿಮ್ಮಯ್ಯ

ಕೊಡಗು ಎಂದೊಡನೆ ನಮಗೆ ನೆನಪಾಗುವುದು ತಲಕಾವೇರಿ, ಕಾಫಿ ತೋಟ ಮತ್ತು ಯೋಧರು. ಆ ಪುಟ್ಟ ನಾಡು ಸ್ವತಂತ್ರ ಭಾರತಕ್ಕೆ ಇಬ್ಬರು ಮಹಾದಂಡನಾಯಕರನ್ನು ಕೊಟ್ಟಿತು. ಒಬ್ಬರು ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು, ಇನ್ನೊಬ್ಬರು ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು. ಇವರಲ್ಲಿ ತಿಮ್ಮಯ್ಯನವರ ಬಾಲ್ಯದ ಒಂದು ಭಾಗ ನಮ್ಮ ನೀಲಗಿರಿಯಲ್ಲೇ ಕಳೆಯಿತೆಂಬುದು ನಮಗೆಲ್ಲ ಹೆಮ್ಮೆಯ ಸಂಗತಿ.

ತಿಮ್ಮಯ್ಯನವರು 1906ರ ಮಾರ್ಚ್ ತಿಂಗಳಲ್ಲಿ ಮಡಿಕೇರಿಯಲ್ಲಿ ಜನಿಸಿದರು. ಕೂನೂರಿನ ಸೇಂಟ್ ಜೋಸೆಫ್ ಶಾಲೆ, ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಆ ಮೇಲೆ ಡೆಹರಾಡೂನಿನ ಸೈನಿಕ ಕಾಲೇಜುಗಳಲ್ಲಿ ಓದಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಮುಗಿಸಿ 1926ರಲ್ಲಿ ಅಧಿಕಾರಿಯಾದರು. 1935ರಲ್ಲಿ ಕ್ವೆಟ್ಟಾ ನಗರ ಭೂಕಂಪದಿಂದ ನೆಲಸಮವಾದಾಗ ನವದಂಪತಿಗಳಾಗಿದ್ದ ತಿಮ್ಮಯ್ಯ ಮತ್ತು ನೀನಾ ಅವರು ಗಾಯಾಳುಗಳ ಸೇವೆಗೆ ನಿಂತರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನಿನಲ್ಲಿ ಹೋರಾಡಿ ಡಿ.ಎಸ್.ಓ. ಪದಕ ಪಡೆದರು. ರಣರಂಗದಲ್ಲಿ ಕಾಲಾಳುಪಡೆಯ ಬ್ರಿಗೇಡನ್ನು ಮುನ್ನಡೆಸಿದ ಮೊದಲ ಭಾರತೀಯರೂ ಅವರೇ. 1948ರ ನವೆಂಬರ್ 1ರಂದು, ಕಾಶ್ಮೀರದ ಜೋಜಿಲಾ ಕಣಿವೆಗೆ ಯಾರೂ ನಿರೀಕ್ಷಿಸದಿದ್ದ ಎತ್ತರಕ್ಕೆ ಟ್ಯಾಂಕುಗಳನ್ನು ಏರಿಸಿ ಲಡಾಖಿನ ದಾರಿ ತೆರೆದದ್ದು ಅವರ ಮುಂದಾಳುತನದಲ್ಲೇ.

ಆದರೆ ಗುಂಡು ಹಾರಿಸದೆ ಗೆಲ್ಲಬೇಕಾದ ಅಗ್ನಿಪರೀಕ್ಷೆ ಮುಂದೆ ಕಾದಿತ್ತು. 1953ರ ಜುಲೈ 27ರಂದು ಕೊರಿಯಾದಲ್ಲಿ ಕದನವಿರಾಮವಾಯಿತು. ತಮ್ಮ ದೇಶಕ್ಕೆ ಮರಳಲು ಒಲ್ಲೆನೆಂದ ಯುದ್ಧಕೈದಿಗಳನ್ನು ಏನು ಮಾಡುವುದು? ವಿಶ್ವಸಂಸ್ಥೆಯ ಪಡೆಗಳ ವಶದಲ್ಲಿದ್ದ ಇಂತಹ ಚೀನೀ ಮತ್ತು ಉತ್ತರ ಕೊರಿಯನ್ ಕೈದಿಗಳೇ 22,000ಕ್ಕೂ ಹೆಚ್ಚು. ಎದುರು ಪಕ್ಷದ ವಶದಲ್ಲಿದ್ದವರು 359 ಮಂದಿ. ಇವರ ಹಣೆಬರಹ ತೀರ್ಮಾನಿಸಲು ರಚಿತವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರು ಅಧ್ಯಕ್ಷರಾದರು. ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡ್ ಒಂದು ಕಡೆ, ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯಾ ಇನ್ನೊಂದು ಕಡೆ. ನಡುವೆ ನಿರ್ಣಾಯಕ ಮತ ಭಾರತದ್ದು.

ಕೈದಿಗಳನ್ನು ಕಾಯಲು ಬರ್ಮಾದ ರಣರಂಗದ ಸಂಗಾತಿ ಮೇಜರ್ ಜನರಲ್ ಥೋರಟ್ ಅವರ ಕೈಕೆಳಗೆ 5,000ಕ್ಕೂ ಹೆಚ್ಚು ಭಾರತೀಯ ಯೋಧರು ಹೋದರು. ತನ್ನ ನೆಲದ ಮೇಲೆ ಅವರು ಕಾಲಿಡಕೂಡದೆಂದು ದಕ್ಷಿಣ ಕೊರಿಯಾ ಹಟ ಹಿಡಿದದ್ದರಿಂದ ಹಡಗಿನಿಂದಲೇ ಹೆಲಿಕಾಪ್ಟರುಗಳಲ್ಲಿ ಸೇನಾರಹಿತ ವಲಯಕ್ಕೆ ಸಾಗಿಸಬೇಕಾಯಿತು. ಶಿಬಿರಗಳಲ್ಲಿ ಕೈದಿಗಳ ನಾಯಕರದ್ದೇ ಕಾರುಬಾರು. ಬೈಗುಳ, ಕಲ್ಲೇಟು, ಬೆದರಿಕೆಗಳ ನಡುವೆ ನಮ್ಮ ಜವಾನರು ತಾಳ್ಮೆ ಕಾಯ್ದುಕೊಳ್ಳಬೇಕಾಗಿತ್ತು. ಕೈದಿಗಳಿಗೆ ತಮ್ಮ ದೇಶದ ಪ್ರತಿನಿಧಿಗಳಿಂದ ವಿವರಣೆ ಕೊಡಿಸಲು 90 ದಿನಗಳ ಗಡುವಿತ್ತು. ನಿಜವಾಗಿ ಅದು ನಡೆದದ್ದು ಕೆಲವೇ ದಿನ. ಬಲಾತ್ಕಾರದಿಂದ ಎಳೆತಂದರೆ ರಕ್ತಪಾತ, ಬಿಟ್ಟುಬಿಟ್ಟರೆ ಒಪ್ಪಂದದ ಭಂಗ.

ಕೈದಿಗಳ ಪ್ರಶ್ನೆ ಇತ್ಯರ್ಥಪಡಿಸಬೇಕಾಗಿದ್ದ ರಾಜಕೀಯ ಸಮ್ಮೇಳನ ಸೇರಲೇ ಇಲ್ಲ. ಒಂದು ಪಕ್ಷ ಬಿಡುಗಡೆ ಮಾಡಿ ಎಂದಿತು, ಇನ್ನೊಂದು ಹಿಡಿದಿಡಿ ಎಂದಿತು. ತಿಮ್ಮಯ್ಯನವರು ಎರಡನ್ನೂ ಮಾಡಲಿಲ್ಲ. 1954ರ ಜನವರಿಯಲ್ಲಿ, ಯಾರಿಂದ ಪಡೆದಿದ್ದರೋ ಅವರಿಗೇ ಕೈದಿಗಳನ್ನು ಒಪ್ಪಿಸಿಬಿಟ್ಟರು. ಎರಡೂ ಕಡೆಯಿಂದ ಆಕ್ಷೇಪ ಬಂತು. ಆದರೆ ಮತ್ತೆ ಹೊತ್ತಿಕೊಳ್ಳಬಹುದಾಗಿದ್ದ ಕಿಚ್ಚು ಹೊತ್ತಲಿಲ್ಲ. ಎರಡೂ ಪಕ್ಷ ಬೇಡವೆಂದ 80ಕ್ಕೂ ಹೆಚ್ಚು ಕೈದಿಗಳು ನಮ್ಮವರ ಜೊತೆಯಲ್ಲೇ ಭಾರತಕ್ಕೆ ಬಂದರು. ಅದೇ ವರ್ಷ ತಿಮ್ಮಯ್ಯನವರಿಗೆ ಪದ್ಮಭೂಷಣ ಸಂದಿತು.

1957ರಲ್ಲಿ ಅವರು ಭೂಸೇನೆಯ ಮುಖ್ಯಸ್ಥರಾದರು. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅವರೊಡನೆ ಭಿನ್ನಾಭಿಪ್ರಾಯ ಬೆಳೆದು 1959ರಲ್ಲಿ ರಾಜೀನಾಮೆ ಕೊಟ್ಟರು. ಪ್ರಧಾನಿ ನೆಹರೂ ಅವರ ಮಾತಿಗೆ ಮಣಿದು ಹಿಂತೆಗೆದುಕೊಂಡರು. 1961ರಲ್ಲಿ ನಿವೃತ್ತರಾದ ಮರುವರ್ಷವೇ ಚೀನಾದ ಆಕ್ರಮಣವಾಯಿತು.

ಕಾಫಿ ತೋಟದ ನೆಮ್ಮದಿ ಅವರಿಗೆ ಬಹುಕಾಲ ದಕ್ಕಲಿಲ್ಲ. 1964ರ ಜುಲೈನಲ್ಲಿ ಸೈಪ್ರಸ್ ದ್ವೀಪದ ವಿಶ್ವಸಂಸ್ಥೆ ಶಾಂತಿಪಾಲನಾ ಪಡೆಯ ದಂಡನಾಯಕತ್ವ ವಹಿಸಿಕೊಂಡರು. ಗ್ರೀಕರು ಮತ್ತು ತುರ್ಕರು ಒಂದೇ ಊರಿನಲ್ಲಿ ಒಬ್ಬರಿಗೊಬ್ಬರು ಬಂದೂಕು ಹಿಡಿದಿದ್ದ ಕಾಲ. ಮರುತಿಂಗಳೇ ತುರ್ಕಿಯ ವಿಮಾನಗಳು ಬಾಂಬು ಸುರಿಸಿದವು. ಅಂತಹ ಕಡೆ ಎರಡೂ ಪಂಗಡಗಳ ಬಾಗಿಲು ತಟ್ಟಿ, ಮಾತಾಡಿ, ಮನವೊಲಿಸುವುದೇ ಅವರ ನಿತ್ಯದ ಕಾಯಕವಾಯಿತು. 1965ರ ಡಿಸೆಂಬರ್ 18ರಂದು ಕರ್ತವ್ಯದಲ್ಲಿರುವಾಗಲೇ ಹೃದಯಾಘಾತದಿಂದ ಅಲ್ಲಿಯೇ ತೀರಿಕೊಂಡರು. ಆಗ ಅವರ ವಯಸ್ಸು 59. ಸೈಪ್ರಸ್ ಸರಕಾರ 1966ರಲ್ಲಿ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಮಡಿಕೇರಿಯ ಅವರ ಮನೆ ಸನ್ನಿ ಸೈಡ್ 2021ರಲ್ಲಿ ವಸ್ತುಸಂಗ್ರಹಾಲಯವಾಯಿತು.

ಕತ್ತಿ ಹಿಡಿಯಬಲ್ಲವನೇ ಕತ್ತಿಯನ್ನು ಒರೆಯಲ್ಲಿಡುವ ಧೈರ್ಯ ತೋರಿದಾಗ ಅದಕ್ಕೆ ಬೆಲೆ. ಜಗಳ ಬಿಡಿಸಲು ನಡುವೆ ನಿಂತವನಿಗೆ ಎರಡೂ ಕಡೆಯ ಪೆಟ್ಟು ತಪ್ಪದು. ಆದರೂ ಒಬ್ಬರು ನಿಲ್ಲಲೇಬೇಕು. ಕೂನೂರಿನ ಶಾಲೆಯಲ್ಲಿ ಕಲಿತ ಆ ಬಾಲಕ ನಿಂತು ತೋರಿಸಿದರು. ನಮ್ಮ ಮಕ್ಕಳಿಗೆ ಅವರ ಹೆಸರು ತಿಳಿದಿರಲಿ.