ಅಲೆಕ್ಸಾಂಡರ್ ಹಂಬೋಲ್ಟ್

ಬೀಸುವ ಗಾಳಿಗೆ ರಾಜ್ಯಗಳ ಎಲ್ಲೆ ತಿಳಿಯದು. ಒಂದು ದೇಶದ ಬೆಟ್ಟದಲ್ಲಿ ಹುಟ್ಟಿದ ಹೊಳೆ ಮತ್ತೊಂದು ದೇಶದ ಹೊಲಗಳಿಗೆ ನೀರುಣಿಸಿ ಕಡಲನ್ನು ಸೇರುತ್ತದೆ. ಹೀಗಿರುವಾಗ ಯಾವ ದೇಶವೂ, ಅದೆಷ್ಟೇ ಬಲಶಾಲಿಯಾಗಿರಲಿ, ತಾನೊಂದೇ ನಿಂತು ಭೂಮಿಯ ಮರ್ಮವನ್ನು ಅರಿಯಲಾರದು. ಈ ಸತ್ಯವನ್ನು ಮನಗಂಡು, ಒಬ್ಬರನ್ನೊಬ್ಬರು ಶಂಕೆಯಿಂದ ನೋಡುತ್ತಿದ್ದ ರಾಜ್ಯಗಳ ವಿಜ್ಞಾನಿಗಳನ್ನು ಒಂದೇ ಕಾರ್ಯದಲ್ಲಿ ಕೂಡಿಸಿದವರಲ್ಲಿ ಜರ್ಮನಿಯ ಅಲೆಕ್ಸಾಂಡರ್ ಹಂಬೋಲ್ಟನು ಅಗ್ರಗಣ್ಯನು.

ಹಂಬೋಲ್ಟನು ೧೭೬೯ನೆಯ ಇಸವಿ ಸೆಪ್ಟೆಂಬರ್ ೧೪ರಂದು ಬರ್ಲಿನ್ ನಗರದ ಸಿರಿವಂತ ಮನೆತನದಲ್ಲಿ ಜನಿಸಿದನು. ಆತನ ತಂದೆ ಪ್ರಷ್ಯದ ಸೇನಾಧಿಕಾರಿಯಾಗಿದ್ದನು. ಬಾಲಕನಿಗೆ ಒಂಬತ್ತು ವರ್ಷವಾಗಿದ್ದಾಗ ತಂದೆ ತೀರಿಕೊಂಡುದರಿಂದ ಮಕ್ಕಳ ಪೋಷಣೆಯ ಹೊಣೆ ತಾಯಿಯ ಮೇಲೆ ಬಿದ್ದಿತು. ಗಿಡಬಳ್ಳಿಗಳನ್ನೂ ಕಲ್ಲುಗಳನ್ನೂ ಕೂಡಿಡುವುದೇ ಹಂಬೋಲ್ಟನಿಗೆ ಪ್ರಿಯವಾದ ಆಟವಾಗಿತ್ತು. ಮುಂದೆ ಆತನು ಫ್ರೈಬರ್ಗಿನ ಗಣಿವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ, ೧೭೯೨ರಲ್ಲಿ ಗಣಿಗಳ ಅಧಿಕಾರಿಯಾದನು. ನೆಲದಾಳದಲ್ಲಿ ದುಡಿಯುವ ಬಡ ಕೆಲಸಗಾರರ ಸ್ಥಿತಿಯನ್ನು ಕಂಡು ಆತನ ಮನಸ್ಸು ಕರಗಿತು. ಅವರಿಗಾಗಿ ಸ್ವಂತ ಹಣದಿಂದ ಶಾಲೆಯೊಂದನ್ನು ತೆರೆದನು. ವಿಷವಾಯುವಿನ ನಡುವೆಯೂ ಉರಿಯಬಲ್ಲ ದೀಪವೊಂದನ್ನು ರೂಪಿಸಲು ಶ್ರಮಿಸಿದನು. ೧೭೯೬ರಲ್ಲಿ ತಾಯಿಯೂ ತೀರಿಕೊಂಡಾಗ ಆತನ ಪಾಲಿಗೆ ವಿಪುಲವಾದ ಆಸ್ತಿ ಬಂದಿತು. ಆತನಾದರೋ ಅಧಿಕಾರವನ್ನು ತ್ಯಜಿಸಿ, ಆ ಧನವನ್ನೆಲ್ಲ ಜ್ಞಾನಾರ್ಜನೆಗೆ ಮೀಸಲಾಗಿಟ್ಟನು.

ಸ್ಪೇನ್ ದೇಶದ ಅರಸನ ಅನುಮತಿ ಪಡೆದು, ಬೋನ್‌ಪ್ಲಾನ್ ಎಂಬ ಫ್ರೆಂಚ್ ಸಸ್ಯವಿಜ್ಞಾನಿಯೊಡನೆ ಹಂಬೋಲ್ಟನು ೧೭೯೯ರ ಜೂನ್ ತಿಂಗಳಿನಲ್ಲಿ ದಕ್ಷಿಣ ಅಮೆರಿಕಕ್ಕೆ ಹಡಗನ್ನೇರಿದನು. ಉಷ್ಣಮಾಪಕ, ವಾಯುಭಾರಮಾಪಕ, ದೂರದರ್ಶಕ, ಕಾಂತಸೂಜಿ ಮೊದಲಾದ ಉಪಕರಣಗಳೇ ಆತನ ಆಯುಧಗಳಾಗಿದ್ದವು.

ಮರುವರ್ಷ ಅವರು ವೆನೆಜುವೆಲಾ ದೇಶದ ವಲೆನ್ಸಿಯ ಸರೋವರದ ಬಳಿಗೆ ಬಂದರು. ಅಲ್ಲಿಯ ಜನರು ಚಿಂತೆಗೊಳಗಾಗಿದ್ದರು. ಸರೋವರದ ನೀರು ವರ್ಷದಿಂದ ವರ್ಷಕ್ಕೆ ಇಳಿಯುತ್ತಲಿದ್ದಿತು. ನೆಲದಡಿಯ ಯಾವುದೋ ಗುಪ್ತ ಬಿಲದ ಮೂಲಕ ನೀರು ಸೋರಿಹೋಗುತ್ತಿದೆಯೆಂದು ಕೆಲವರು ನಂಬಿದ್ದರು. ಹಂಬೋಲ್ಟನು ಸುತ್ತಲಿನ ನೆಲವನ್ನೆಲ್ಲ ಪರೀಕ್ಷಿಸಿ ನಿಜವನ್ನು ಕಂಡುಕೊಂಡನು. ನೀಲಿಯ ತೋಟಗಳಿಗಾಗಿ ತೊರೆಗಳನ್ನು ತಿರುಗಿಸಿದ್ದರು. ಇಳಿಜಾರಿನ ಕಾಡನ್ನು ಕಡಿದಿದ್ದರು. ಮರಗಳ ನೆರಳೂ ಬೇರುಗಳ ಹಿಡಿತವೂ ಇಲ್ಲವಾದುದರಿಂದ ಮಳೆಯ ನೀರು ನೆಲದೊಳಕ್ಕೆ ಇಂಗದೆ, ಮಣ್ಣನ್ನು ಕೊಚ್ಚಿಕೊಂಡು ಒಮ್ಮೆಲೇ ಹರಿದುಹೋಗುತ್ತಿತ್ತು, ಒರತೆಗಳು ಬತ್ತುತ್ತಿದ್ದವು. ಕಾಡು, ಮಣ್ಣು, ನೀರು, ಬೇಸಾಯ ಇವೆಲ್ಲವೂ ಒಂದೇ ಸರಪಳಿಯ ಕೊಂಡಿಗಳೆಂಬುದು ಆತನಿಗೆ ಸ್ಪಷ್ಟವಾಯಿತು. ಒಂದು ತಲೆಮಾರಿನ ದುರಾಶೆಯು ಮುಂದಿನ ತಲೆಮಾರಿಗೆ ನೀರಿನ ಬರವನ್ನು ತರುವುದೆಂದು ಆತನು ಎಚ್ಚರಿಸಿದನು.

ಆ ಬಳಿಕ ಸೊಳ್ಳೆಗಳ ಕಾಟವನ್ನು ಸಹಿಸಿ, ದಟ್ಟವಾದ ಕಾಡುಗಳ ನಡುವೆ ದೋಣಿಯಲ್ಲಿ ಸಾಗಿ, ಓರಿನೋಕೋ ನದಿಗೂ ಅಮೆಜಾನ್ ನದಿಗೂ ಸಂಬಂಧವಿರುವುದನ್ನು ಆತನು ದೃಢಪಡಿಸಿದನು. ೧೮೦೨ರಲ್ಲಿ ಚಿಂಬೊರಾಜೊ ಪರ್ವತವನ್ನು ೧೮,೦೦೦ ಅಡಿಗಳಿಗೂ ಮೇಲಕ್ಕೆ ಹತ್ತಿದನು. ೧೮೦೪ರಲ್ಲಿ ಯೂರೋಪಿಗೆ ಮರಳಿ ಪ್ಯಾರಿಸಿನಲ್ಲಿ ನೆಲಸಿ, ಪ್ರವಾಸದ ಫಲಗಳನ್ನು ಹಲವು ಸಂಪುಟಗಳಲ್ಲಿ ಪ್ರಕಟಿಸಿದನು. ಈ ಕಾರ್ಯದಲ್ಲಿ ಆತನ ಸಂಪತ್ತೆಲ್ಲವೂ ಕರಗಿಹೋಯಿತು.

ಹಿಮಾಲಯವನ್ನು ಕಂಡು, ಅದನ್ನು ಅಮೆರಿಕದ ಪರ್ವತಗಳೊಡನೆ ಹೋಲಿಸಬೇಕೆಂಬುದು ಹಂಬೋಲ್ಟನ ಬಹುದಿನದ ಹಂಬಲ. ಅದಕ್ಕಾಗಿ ಆತನು ಲಂಡನ್ನಿಗೆ ಹೋಗಿ ಬಹುವಾಗಿ ಪ್ರಯತ್ನಿಸಿದನು. ಆದರೆ ಈಸ್ಟ್ ಇಂಡಿಯಾ ಕಂಪನಿಯ ಅನುಮತಿ ದೊರೆಯಲಿಲ್ಲ. ಭಾರತವನ್ನು ನೋಡುವ ಭಾಗ್ಯ ಆತನಿಗೆ ಕೊನೆಗೂ ಲಭಿಸಲಿಲ್ಲ. ಒಬ್ಬ ವ್ಯಕ್ತಿಗೆ ಎಷ್ಟೇ ಉತ್ಸಾಹವಿದ್ದರೂ ಭೂಮಿಯನ್ನೆಲ್ಲ ಸುತ್ತಿ ಅಳೆಯುವುದು ಅಸಾಧ್ಯ. ಆದರೆ ಅಲ್ಲಲ್ಲಿ ಇರುವವರು ಒಂದೇ ಕ್ರಮದಲ್ಲಿ ಅಳೆದು, ಕಂಡುದನ್ನು ಹಂಚಿಕೊಂಡರೆ ಅದು ಸಾಧ್ಯವೆಂಬುದು ಆತನ ಕಾರ್ಯದ ತಳಹದಿಯಾಯಿತು. ಹಲವು ಊರುಗಳ ಉಷ್ಣತೆಯ ಲೆಕ್ಕಗಳನ್ನು ಸಂಗ್ರಹಿಸಿ, ೧೮೧೭ರಲ್ಲಿ ಸಮಾನ ಉಷ್ಣತೆಯ ಸ್ಥಳಗಳನ್ನು ಕೂಡಿಸುವ ರೇಖೆಗಳ ನಕ್ಷೆಯನ್ನು ಆತನು ರಚಿಸಿದನು. ಭೂಗೋಳ ಪಾಠದಲ್ಲಿ ಬರುವ ಸಮೋಷ್ಣ ರೇಖೆಗಳ ಮೂಲವು ಇದೇ.

ಭೂಮಿಯ ಕಾಂತಶಕ್ತಿಯ ವಿಚಾರದಲ್ಲಿ ಈ ಸಹಕಾರ ಇನ್ನೂ ಅಗತ್ಯವಾಗಿದ್ದಿತು. ಉತ್ತರಕ್ಕೆ ಮುಖ ಮಾಡಿ ನಿಲ್ಲುವ ಕಾಂತಸೂಜಿಯು ಕೆಲವು ವೇಳೆ ಕಾರಣವಿಲ್ಲದೆ ಅತ್ತಿತ್ತ ಅಲುಗುವುದುಂಟು. ಇದಕ್ಕೆ ಹಂಬೋಲ್ಟನು ಕಾಂತೀಯ ಬಿರುಗಾಳಿ ಎಂದು ಹೆಸರಿಟ್ಟನು. ಈ ಚಲನೆಯು ಒಂದೇ ಊರಿನಲ್ಲಿ ಆಗುವುದೋ, ಭೂಮಿಯ ಎಲ್ಲೆಡೆಯಲ್ಲೂ ಏಕಕಾಲಕ್ಕೆ ಆಗುವುದೋ ಎಂಬುದನ್ನು ಒಂದು ಸ್ಥಳದಲ್ಲಿ ಕುಳಿತವನು ಹೇಗೆ ತಾನೆ ತಿಳಿಯಬಲ್ಲನು? ೧೮೨೮ರಲ್ಲಿ ಬರ್ಲಿನ್ನಿನ ತೋಟವೊಂದರಲ್ಲಿ ಕಬ್ಬಿಣದ ಮೊಳೆಯನ್ನೂ ಬಳಸದೆ ಗುಡಿಸಲೊಂದನ್ನು ಕಟ್ಟಿಸಿ, ಅನ್ಯ ಊರುಗಳ ವಿಜ್ಞಾನಿಗಳೊಡನೆ ಏಕಕಾಲದ ವೀಕ್ಷಣೆಗಳನ್ನು ಆರಂಭಿಸಿದನು. ಗಣಿತಜ್ಞ ಗೌಸನೂ ಆತನ ಸಂಗಡಿಗ ವೇಬರನೂ ಈ ಕಾರ್ಯವನ್ನು ಮುಂದುವರಿಸಿದರು. ಗೊತ್ತುಪಡಿಸಿದ ದಿನಗಳಲ್ಲಿ, ಗಟ್ಟಿಂಗೆನ್ ನಗರದ ಗಡಿಯಾರಕ್ಕೆ ಅನುಸಾರವಾಗಿ, ದೂರದೂರದ ವೀಕ್ಷಕರು ಐದೈದು ನಿಮಿಷಕ್ಕೊಮ್ಮೆ ಸೂಜಿಯ ಸ್ಥಾನವನ್ನು ಗುರುತಿಸಿಕೊಳ್ಳುತ್ತಿದ್ದರು.

೧೮೨೯ರಲ್ಲಿ ರಷ್ಯದ ಚಕ್ರವರ್ತಿಯ ಆಹ್ವಾನದಂತೆ ಹಂಬೋಲ್ಟನು ಸೈಬೀರಿಯದಲ್ಲಿ ಸಂಚರಿಸಿದನು. ಅಲ್ಲಿಯ ರೈತರ ಜೀತದ ವಿಚಾರವಾಗಿ ಮಾತನಾಡಕೂಡದೆಂಬ ನಿಬಂಧನೆಯಿದ್ದಿತು. ಗುಲಾಮಗಿರಿಯನ್ನು ಖಂಡಿಸಿದ್ದ ಆತನು ವಿಜ್ಞಾನದ ಸಲುವಾಗಿ ಇದಕ್ಕೆ ಒಪ್ಪಬೇಕಾಯಿತು. ಆತನ ಸೂಚನೆಯಂತೆ ರಷ್ಯದ ಉದ್ದಕ್ಕೂ ವೀಕ್ಷಣಾಲಯಗಳು ಸ್ಥಾಪಿತವಾದವು. ೧೮೩೬ರಲ್ಲಿ ಆತನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷರಿಗೆ ಪತ್ರ ಬರೆದು ಬ್ರಿಟನ್ನಿನ ಸಹಕಾರವನ್ನು ಕೋರಿದನು. ಅದರ ಫಲವಾಗಿ ಕೆನಡದ ಟೊರಾಂಟೊ, ದಕ್ಷಿಣ ಗೋಳಾರ್ಧದ ಹೋಬಾರ್ಟ್ ಮೊದಲಾದ ಕಡೆಗಳಲ್ಲಿ ವೀಕ್ಷಣೆ ಮೊದಲಾಯಿತು. ಹಿಂದೆ ಹಂಬೋಲ್ಟನ ಪ್ರವಾಸಕ್ಕೆ ಅನುಮತಿ ನೀಡದಿದ್ದ ಕಂಪನಿಯೇ ಈಗ ಮದರಾಸು, ಸಿಮ್ಲಾ, ಮುಂಬಯಿಗಳಲ್ಲಿ ಈ ಕಾರ್ಯಕ್ಕೆ ಕೈಜೋಡಿಸಿತು.

ಈ ಶ್ರಮವು ಸಾರ್ಥಕವಾಯಿತು. ಜರ್ಮನಿಯ ಷ್ವಾಬೆ ಎಂಬಾತನು ಹಲವಾರು ವರ್ಷ ಸೂರ್ಯನ ಕಲೆಗಳನ್ನು ಎಣಿಸಿ, ಅವು ಕ್ರಮವಾಗಿ ಏರಿಳಿಯುವುದನ್ನು ಕಂಡಿದ್ದನು. ಯಾರೂ ಅಷ್ಟಾಗಿ ಗಮನಿಸದಿದ್ದ ಆ ಲೆಕ್ಕವನ್ನು ಹಂಬೋಲ್ಟನು ತನ್ನ ಕಾಸ್ಮೋಸ್ ಗ್ರಂಥದಲ್ಲಿ ಪ್ರಕಟಿಸಿದನು. ೧೮೫೨ರಲ್ಲಿ ಇಂಗ್ಲೆಂಡಿನ ಸೆಬೈನನು ಟೊರಾಂಟೊ ಮತ್ತು ಹೋಬಾರ್ಟ್ ವೀಕ್ಷಣೆಗಳನ್ನು ಅದರೊಡನೆ ಹೋಲಿಸಿ ನೋಡಿದನು. ಸೌರಕಲೆಗಳು ಹೆಚ್ಚಿದಾಗ ಕಾಂತೀಯ ಬಿರುಗಾಳಿಗಳೂ ಹೆಚ್ಚುವುದು ಸಿದ್ಧವಾಯಿತು. ಒಬ್ಬನ ಎಣಿಕೆ, ಇನ್ನೊಬ್ಬನ ಗ್ರಂಥ, ಮತ್ತೊಬ್ಬನ ಹೋಲಿಕೆ ಕೂಡಿದಾಗ ಭೂಮಿಗೂ ಸೂರ್ಯನಿಗೂ ಇರುವ ನಂಟು ಬೆಳಕಿಗೆ ಬಂದಿತು.

ಹಂಬೋಲ್ಟನು ೧೮೫೯ರ ಮೇ ೬ರಂದು ತನ್ನ ೮೯ನೆಯ ವಯಸ್ಸಿನಲ್ಲಿ ನಿಧನನಾದನು. ಆತನು ತುಳಿದ ಹಾದಿ ಅಲ್ಲಿಗೆ ಮುಗಿಯಲಿಲ್ಲ. ೧೮೮೨-೮೩ರಲ್ಲಿ ಹಲವು ದೇಶಗಳು ಒಂದುಗೂಡಿ ಧ್ರುವಪ್ರದೇಶಗಳನ್ನು ಅಭ್ಯಸಿಸಿದವು. ೧೯೫೭-೫೮ರ ಅಂತಾರಾಷ್ಟ್ರೀಯ ಭೂಭೌತ ವರ್ಷದಲ್ಲಿ ಭಾರತವೂ ಸೇರಿದಂತೆ ಅರವತ್ತಕ್ಕೂ ಹೆಚ್ಚು ದೇಶಗಳು ಪಾಲುಗೊಂಡವು. ೧೯೬೫ರಿಂದ ಹತ್ತು ವರ್ಷ ಯುನೆಸ್ಕೊ ಸಂಸ್ಥೆಯ ಆಶ್ರಯದಲ್ಲಿ ಭೂಮಿಯ ಜಲಸಂಪತ್ತಿನ ಅಧ್ಯಯನ ನಡೆಯಿತು. ಮುಂಬಯಿಯ ಕಾಂತೀಯ ವೀಕ್ಷಣೆಯು ಕಳೆದ ಶತಮಾನದ ಆರಂಭದಲ್ಲಿ ಸಮೀಪದ ಅಲಿಬಾಗಿಗೆ ವರ್ಗವಾಗಿ ಇಂದಿಗೂ ನಡೆದಿದೆ. ಭಾರತದ ನೆಲವನ್ನು ಮೆಟ್ಟಲಾಗದೆ ನಿರಾಶನಾದ ಆ ಮಹನೀಯನ ಕನಸು, ಅಲ್ಲಿಯ ಪುಟ್ಟ ಕಾಂತಸೂಜಿಯ ಚಲನೆಯಲ್ಲಿ ಇನ್ನೂ ಜೀವಂತವಾಗಿದೆ.