ರಕ್ತದಾನ ಮಾಡಿದರೆ ಎಚ್‌ಐವಿ ಬರುತ್ತದೆಯೇ? ಟೆನಿಸ್ ತಾರೆ ಆರ್ಥರ್ ಆ್ಯಶ್ ಬದುಕು ಹೇಳುವುದೇನು?

ರಕ್ತ ಕೊಟ್ಟರೆ ಸೋಂಕು ತಗುಲುತ್ತದೆ ಎಂಬ ಭಯ ಇಂದಿಗೂ ಹಲವರಲ್ಲಿದೆ. ಇದು ನಿಜವೇ? ಉತ್ತರಕ್ಕಾಗಿ ನಾವು ಆರ್ಥರ್ ಆ್ಯಶ್ ಅವರ ಬದುಕನ್ನು ನೋಡೋಣ.

ಆ್ಯಶ್ 1943ರಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್ಮಂಡ್‌ನಲ್ಲಿ ಹುಟ್ಟಿದರು. ಕಪ್ಪುವರ್ಣೀಯರಿಗೆ ಅಲ್ಲಿನ ಹಲವು ಟೆನಿಸ್ ಅಂಕಣಗಳಲ್ಲಿ ಪ್ರವೇಶವೇ ಇರಲಿಲ್ಲ. ಆದರೂ 1968ರಲ್ಲಿ ಯುಎಸ್ ಓಪನ್ ಗೆದ್ದರು. 1975ರಲ್ಲಿ ಜಿಮ್ಮಿ ಕಾನರ್ಸ್ ಅವರನ್ನು ಮಣಿಸಿ, ವಿಂಬಲ್ಡನ್ ಪುರುಷರ ಸಿಂಗಲ್ಸ್ ಗೆದ್ದ ಮೊದಲ ಕಪ್ಪುವರ್ಣೀಯ ಆಟಗಾರರಾದರು.

36ನೇ ವಯಸ್ಸಿಗೇ ಅವರಿಗೆ ಹೃದಯಾಘಾತವಾಯಿತು. 1979ರಲ್ಲಿ ಒಮ್ಮೆ, 1983ರಲ್ಲಿ ಮತ್ತೊಮ್ಮೆ ಬೈಪಾಸ್ ಶಸ್ತ್ರಚಿಕಿತ್ಸೆ ನಡೆಯಿತು. ಎರಡನೇ ಸಲ ಪಡೆದ ರಕ್ತದಿಂದ ಎಚ್‌ಐವಿ ಬಂದಿತು ಎಂಬುದು ನಂತರ ವೈದ್ಯರ ಅಭಿಪ್ರಾಯವಾಗಿತ್ತು. ದಾನಿಗಳ ರಕ್ತದಲ್ಲಿ ಎಚ್‌ಐವಿ ಪತ್ತೆ ಮಾಡುವ ಪರೀಕ್ಷೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದೇ 1985ರ ಮಾರ್ಚ್‌ನಲ್ಲಿ.

1988ರಲ್ಲಿ ಬಲಗೈ ಸ್ವಾಧೀನ ತಪ್ಪಿ ಆಸ್ಪತ್ರೆ ಸೇರಿದಾಗ ಸೋಂಕಿನ ವಿಷಯ ತಿಳಿಯಿತು. ಆಪ್ತರಿಗಷ್ಟೇ ಗೊತ್ತಿದ್ದ ಈ ಸಂಗತಿ ಪತ್ರಿಕೆಯೊಂದಕ್ಕೆ ಸುಳಿವು ಸಿಕ್ಕಿದ್ದರಿಂದ, 1992ರ ಏಪ್ರಿಲ್ 8ರಂದು ಅವರೇ ಪತ್ರಿಕಾಗೋಷ್ಠಿ ಕರೆದು ಬಹಿರಂಗಪಡಿಸಿದರು. ಮುಂದೆ ಏಡ್ಸ್ ವಿರುದ್ಧದ ಕೆಲಸಕ್ಕಾಗಿ ಪ್ರತಿಷ್ಠಾನ ಕಟ್ಟಿದರು. ಅದೇ ವರ್ಷ ವಿಶ್ವ ಏಡ್ಸ್ ದಿನದಂದು ವಿಶ್ವಸಂಸ್ಥೆಯಲ್ಲಿ ಮಾತನಾಡಿದರು. 1993ರ ಫೆಬ್ರವರಿ 6ರಂದು, 49ನೇ ವಯಸ್ಸಿನಲ್ಲಿ ತೀರಿಕೊಂಡರು.

ಇಲ್ಲಿ ನಾವು ಗಮನಿಸಬೇಕಾದ್ದು ಒಂದಿದೆ. ಆ್ಯಶ್ ರಕ್ತ ಪಡೆದವರು, ಕೊಟ್ಟವರಲ್ಲ. ದಾನಿಯ ದೇಹದಿಂದ ರಕ್ತ ಹೊರಗೆ ಬರುತ್ತದೆ, ಬೇರೆಯವರ ರಕ್ತ ಒಳಗೆ ಹೋಗುವುದಿಲ್ಲ. ಸೂಜಿ, ಚೀಲ ಎರಡೂ ಹೊಸದಾಗಿದ್ದು, ಒಮ್ಮೆ ಬಳಸಿ ಎಸೆಯುವಂಥವು. ಹೀಗಾಗಿ ದಾನದಿಂದ ಎಚ್‌ಐವಿ ಬರುವುದಿಲ್ಲ.

ಹಾಗಾದರೆ ರಕ್ತ ಪಡೆಯುವವರ ಸುರಕ್ಷತೆ? ಭಾರತದಲ್ಲಿ ದಾನದ ಪ್ರತಿ ಯೂನಿಟ್ ರಕ್ತವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾಗಳಿಗೆ ಪರೀಕ್ಷಿಸುವುದು ಕಡ್ಡಾಯ. ಹಣ ಪಡೆದು ರಕ್ತ ಕೊಡುವುದಕ್ಕೆ 1998ರ ಜನವರಿ 1ರಿಂದ ನಿಷೇಧವಿದೆ. ಆದರೂ ಸೋಂಕು ತಗುಲಿದ ಆರಂಭದ ದಿನಗಳಲ್ಲಿ ಅದು ಪರೀಕ್ಷೆಯಲ್ಲಿ ಕಾಣದೇ ಇರಬಹುದು. ಹಾಗಾಗಿಯೇ ದಾನಕ್ಕೆ ಮುನ್ನ ಆರೋಗ್ಯದ ಬಗ್ಗೆ ಪ್ರಶ್ನೆ ಕೇಳುತ್ತಾರೆ. ಅದಕ್ಕೆ ಸತ್ಯವಾಗಿ ಉತ್ತರಿಸಿ. ಅನುಮಾನವಿದ್ದರೆ ದಾನ ಮಾಡಬೇಡಿ. ಭಯ ಹುಟ್ಟಿಸುವ ಸಂದೇಶ ಬಂದರೆ, ಫಾರ್ವರ್ಡ್ ಮಾಡುವ ಬದಲು ಈ ಮಾಹಿತಿ ಹಂಚಿ.