ಗ್ರೇಸ್ ಹಾಪರ್ ಎಂಬ ವಿದ್ಯಾವತಿಯ ಚರಿತ್ರೆ

ಪರೀಕ್ಷೆಯ ದಿನಗಳು ಸಮೀಪಿಸಿದೊಡನೆ ತನ್ನ ನೋಟುಪುಸ್ತಕವನ್ನು ಗೆಳತಿಯರ ಕಣ್ಣಿಗೆ ಬೀಳದಂತೆ ಪೆಟ್ಟಿಗೆಯ ತಳದಲ್ಲಿ ಬಚ್ಚಿಡುವ ಹುಡುಗಿಯರು ಪ್ರತಿಯೊಂದು ಶಾಲೆಯಲ್ಲಿಯೂ ಇರುತ್ತಾರೆ. ಬೋರ್ಡಿಂಗಿನಲ್ಲಿ ಬೆಳೆದು ಉಪಾಧ್ಯಾಯಿನಿಯಾದ ನಾನು ಅಂಥವರನ್ನು ಬಹಳವಾಗಿ ಕಂಡಿದ್ದೇನೆ. ನಿಜವನ್ನು ಹೇಳುವುದಾದರೆ, ಒಂದು ಕಾಲದಲ್ಲಿ ನಾನೂ ಅಂಥವಳಾಗಿದ್ದೆನು. ಈ ಸಂಚಿಕೆಗೆ ಒಬ್ಬ ಸ್ತ್ರೀಯ ಜೀವನಚರಿತ್ರೆಯನ್ನು ಬರೆದುಕೊಡಬೇಕೆಂದು ನನ್ನನ್ನು ಕೇಳಿದಾಗ, ತಾನು ಕಂಡುಕೊಂಡುದನ್ನು ಇತರರ ಮುಂದೆ ತೆರೆದಿಡುವುದರಲ್ಲಿಯೇ ಆಯುಷ್ಯವನ್ನು ಕಳೆದ ಒಬ್ಬಾಕೆಯ ನೆನಪು ನನಗೆ ಬಂದಿತು. ಆಕೆಯೂ ಮೊದಲು ನಮ್ಮಂತೆ ಒಬ್ಬ ಉಪಾಧ್ಯಾಯಿನಿಯೇ.

ಗ್ರೇಸಳು ಕ್ರಿ. ಶ. 1906ನೆಯ ಇಸವಿ ಡಿಸೆಂಬರ್ ತಿಂಗಳ 9ನೆಯ ತಾರೀಖು ಅಮೆರಿಕದ ನ್ಯೂಯಾರ್ಕ್ ಪಟ್ಟಣದಲ್ಲಿ ಹುಟ್ಟಿದಳು. ತಂದೆಯಾದ ವಾಲ್ಟರ್ ಮರ್ರೆಯವರು ವಿಮೆಯ ವ್ಯಾಪಾರದಲ್ಲಿದ್ದವರು. ರೋಗದ ದೆಸೆಯಿಂದ ಅವರ ಎರಡು ಕಾಲುಗಳನ್ನೂ ಕತ್ತರಿಸಬೇಕಾಗಿ ಬಂದಿತ್ತು. ತಾನು ಹೆಚ್ಚು ಕಾಲ ಬದುಕದೆ ಹೋದರೆ ಮಕ್ಕಳು ತಮ್ಮ ಕಾಲಮೇಲೆ ತಾವು ನಿಲ್ಲುವಂತಿರಬೇಕೆಂದು ಅವರು ಮಗನಿಗೆ ಕೊಡಿಸಿದಂಥ ವಿದ್ಯೆಯನ್ನೇ ಇಬ್ಬರು ಹೆಣ್ಣುಮಕ್ಕಳಿಗೂ ಕೊಡಿಸಿದರು. ತಾಯಿಯಾದ ಮೇರಿಯಮ್ಮನವರಿಗೆ ಗಣಿತದಲ್ಲಿ ಬಹು ಪ್ರೀತಿ; ಆದರೆ ಆ ಕಾಲದ ಪದ್ಧತಿಯಂತೆ ಅದನ್ನು ಮುಂದಕ್ಕೆ ಕಲಿಯುವ ಅನುಕೂಲವು ಆಕೆಗೆ ಒದಗಲಿಲ್ಲ. ತನಗೆ ಸಿಕ್ಕದಿದ್ದುದು ಮಗಳಿಗೆ ಸಿಕ್ಕಲೆಂಬ ಆಶೆಯು ಆ ಮನೆಯಲ್ಲಿ ಇದ್ದಿರಬೇಕು.

ಏಳು ವರುಷದ ಹುಡುಗಿಯಾಗಿದ್ದಾಗ ಗ್ರೇಸಳು ಅಲಾರಂ ಗಡಿಯಾರವು ಹೇಗೆ ಹೊಡೆದುಕೊಳ್ಳುತ್ತದೆಂದು ತಿಳಿಯುವುದಕ್ಕಾಗಿ ಒಂದನ್ನು ಬಿಚ್ಚಿದಳು. ಬಿಚ್ಚಿದ್ದು ಸುಲಭವಾಯಿತು, ಕೂಡಿಸುವುದು ಆಗಲಿಲ್ಲ. ಕೂಡಿಸುವ ರೀತಿಯನ್ನು ನೋಡುವುದಕ್ಕೆ ಎರಡನೆಯದನ್ನು ಬಿಚ್ಚಿದಳು. ಹೀಗೆಯೇ ಮನೆಯಲ್ಲಿದ್ದ ಏಳು ಗಡಿಯಾರಗಳೂ ಚೂರುಚೂರಾದ ಮೇಲೆ ತಾಯಿಗೆ ತಿಳಿಯಿತು. ತಾಯಿಯು ಆಕೆಯನ್ನು ದಂಡಿಸದೆ, ಇನ್ನು ಮುಂದೆ ಒಂದೇ ಗಡಿಯಾರದ ಮೇಲೆ ಪ್ರಯೋಗ ನಡಿಸಬೇಕೆಂದು ಕಟ್ಟುಮಾಡಿದಳು. ಇಂಥ ತಾಯಿಯರು ನಮ್ಮಲ್ಲಿಯೂ ಹೆಚ್ಚಬೇಕೆಂದು ನಾನು ಪಾಲಕರ ಸಭೆಗಳಲ್ಲಿ ಹೇಳುತ್ತಲೇ ಇರುತ್ತೇನೆ.

ಹದಿನಾರನೆಯ ವಯಸ್ಸಿನಲ್ಲಿ ಆಕೆಯು ವ್ಯಾಸರ್ ಎಂಬ ಸ್ತ್ರೀಯರ ಕಾಲೇಜಿಗೆ ಸೇರಲು ಹೋಗಿ, ಲ್ಯಾಟಿನ್ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಹಿಂದಿರುಗಿದಳು. ಮರುವರುಷ, 1924ರಲ್ಲಿ, ಸೇರಿದಳು. 1928ರಲ್ಲಿ ಪದವಿಯನ್ನು ಹೊಂದಿ, ಯೇಲ್ ವಿಶ್ವವಿದ್ಯಾನಿಲಯದಲ್ಲಿ 1934ರಲ್ಲಿ ಗಣಿತಶಾಸ್ತ್ರದ ಡಾಕ್ಟರ್ ಪದವಿಯನ್ನು ಪಡೆದಳು. 1930ರಲ್ಲಿ ವಿನ್ಸೆಂಟ್ ಹಾಪರ್ ಎಂಬವರೊಡನೆ ವಿವಾಹವಾಯಿತು. 1931ರಿಂದ ವ್ಯಾಸರ್ ಕಾಲೇಜಿನಲ್ಲಿಯೇ ಗಣಿತವನ್ನು ಕಲಿಸತೊಡಗಿದಳು. ಲೆಕ್ಕದ ತರಗತಿಯಲ್ಲಿ ಆಕೆಯು ಪ್ರಬಂಧಗಳನ್ನು ಬರೆಯಿಸಿ ಭಾಷೆಯ ತಪ್ಪುಗಳನ್ನೂ ತಿದ್ದುತ್ತಿದ್ದಳು. ತಾವು ಬಂದಿರುವುದು ಗಣಿತವನ್ನು ಕಲಿಯುವುದಕ್ಕೇ ಹೊರತು ಇಂಗ್ಲಿಷ್ ಕಲಿಯುವುದಕ್ಕಲ್ಲವೆಂದು ಹುಡುಗಿಯರು ಗೊಣಗಿದರೆ, ತಿಳಿದುದನ್ನು ಮತ್ತೊಬ್ಬರಿಗೆ ತಿಳಿಯುವಂತೆ ಹೇಳಲಾರದವರಿಗೆ ಗಣಿತದಿಂದೇನು ಫಲವೆಂದು ಕೇಳುವಳು. ಆಕೆಯ ಮುಂದಿನ ಕೆಲಸಕ್ಕೆಲ್ಲಾ ಬೀಜವು ಇಲ್ಲಿಯೇ ಬಿದ್ದಿತೆಂದು ನನ್ನ ಎಣಿಕೆ.

ಎರಡನೆಯ ಮಹಾಯುದ್ಧವು ಬಂದಾಗ ಆಕೆಯು ನೌಕಾದಳದ ಸ್ತ್ರೀವಿಭಾಗಕ್ಕೆ ಸೇರಲು ಬಯಸಿದಳು. ವಯಸ್ಸು ಹೆಚ್ಚಾಯಿತೆಂದೂ, ತೂಕವು ಕಟ್ಟಳೆಗಿಂತ 15 ಪೌಂಡು ಕಡಿಮೆಯೆಂದೂ ಅಡ್ಡಿಗಳು ಬಂದವು. ಹಟಹಿಡಿದು ವಿಶೇಷ ಅಪ್ಪಣೆಯನ್ನು ಪಡೆದು 1943ರ ಡಿಸೆಂಬರಿನಲ್ಲಿ ಸೇರಿ, ಶಿಕ್ಷಣದಲ್ಲಿ ಮೊದಲನೆಯವಳಾಗಿ ತೇರ್ಗಡೆಹೊಂದಿದಳು. 1944ರ ಜುಲೈ 2ನೆಯ ತಾರೀಖು ಆಕೆಯನ್ನು ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದರು. ಅಲ್ಲಿ ಹೊವಾರ್ಡ್ ಐಕನ್ ಎಂಬ ಅಧಿಕಾರಿಯ ಕೈಕೆಳಗೆ, 51 ಅಡಿ ಉದ್ದವೂ 8 ಅಡಿ ಎತ್ತರವೂ ಆದ ಒಂದು ಲೆಕ್ಕದ ಯಂತ್ರವಿತ್ತು. ಅದಕ್ಕೆ ಮಾರ್ಕ್ ಒಂದು ಎಂದು ಹೆಸರು. ಕಾಗದದ ಪಟ್ಟಿಯಲ್ಲಿ ರಂಧ್ರಗಳನ್ನು ಕೊರೆದು, ಆ ರಂಧ್ರಗಳ ಮೂಲಕ ಯಂತ್ರಕ್ಕೆ ಒಂದೊಂದಾಗಿ ಆಜ್ಞೆಗಳನ್ನು ಕೊಡಬೇಕಾಗಿತ್ತು. ಈ ಆಜ್ಞೆಗಳ ಸಾಲಿಗೆಯೇ ಈಗ ಪ್ರೋಗ್ರಾಮು ಎನ್ನುತ್ತೇವೆ.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಆ ಕೊಠಡಿಯಲ್ಲಿ ಕೆಲಸಮಾಡುತ್ತಿದ್ದವರಲ್ಲಿ ರಿಚರ್ಡ್ ಬ್ಲಾಕ್, ರಾಬರ್ಟ್ ಕ್ಯಾಂಬೆಲ್, ಗ್ರೇಸ್ ಇವರು ಮುಖ್ಯರು. ಸೈನ್ ಎಂಬ ಕೋಣಮಾನವನ್ನು ಕಂಡುಹಿಡಿಯುವುದೇ ಮೊದಲಾದ ಕೆಲಸಗಳು ಪ್ರತಿಯೊಂದು ದೊಡ್ಡ ಲೆಕ್ಕದಲ್ಲಿಯೂ ಮತ್ತೆ ಮತ್ತೆ ಬರುವವು. ಒಬ್ಬರು ಅದಕ್ಕೆ ಆಜ್ಞೆಗಳನ್ನು ಬರೆದು ಸರಿನೋಡಿದ ಮೇಲೆ ತಮ್ಮ ನೋಟುಪುಸ್ತಕದಲ್ಲಿ ಇಟ್ಟುಕೊಳ್ಳುತ್ತಿದ್ದರು. ಬೇಕಾದಾಗ ಇನ್ನೊಬ್ಬರು ಆ ಪುಸ್ತಕವನ್ನು ಕೇಳಿ ತೆಗೆದುಕೊಂಡು ನಕಲುಮಾಡಿಕೊಳ್ಳುತ್ತಿದ್ದರು. ಪರೀಕ್ಷೆಯ ಕೊಠಡಿಯಲ್ಲಿ ನಕಲು ಮಾಡುವುದು ದೋಷ. ಕಾರ್ಯಾಗಾರದಲ್ಲಿಯಾದರೋ, ಒಬ್ಬಳು ಪಟ್ಟ ಶ್ರಮವನ್ನು ಇನ್ನೊಬ್ಬಳು ಪುನಃ ಪಡದಿರುವುದೇ ಜಾಣತನ. ಆದರೆ ಈ ನಕಲಿನಲ್ಲಿ ಒಂದು ಕಷ್ಟವಿತ್ತು. ಹಳೆಯ ಆಜ್ಞೆಗಳನ್ನು ಹೊಸ ಲೆಕ್ಕದೊಳಗೆ ಸೇರಿಸುವಾಗ ಅವುಗಳ ಸ್ಥಾನದ ಅಂಕೆಗಳನ್ನೆಲ್ಲಾ ಕೂಡಿಸಿ ಬದಲಾಯಿಸಬೇಕಾಗುತ್ತಿತ್ತು. ದೊಡ್ಡ ವಿದ್ವಾಂಸರೂ ಕೂಡುವುದರಲ್ಲಿ ತಪ್ಪುತ್ತಿದ್ದರು. ನೋಡಿ ಬರೆಯುವುದರಲ್ಲಿಯೂ ತಪ್ಪುತ್ತಿದ್ದರು, ಒಂದು ಅಕ್ಷರವನ್ನು ಅಂಕೆಯೆಂದು ಓದಿಬಿಡುತ್ತಿದ್ದರು. ಕೊಡುವ ಮನಸ್ಸು ಎಲ್ಲರಿಗೂ ಇತ್ತು, ಕೊಟ್ಟುದು ಸರಿಯಾಗಿ ಮುಟ್ಟುತ್ತಿರಲಿಲ್ಲ. ಈ ತೊಂದರೆಯನ್ನು ಗ್ರೇಸಳು ಮರೆಯಲಿಲ್ಲ.

ಆ ಯಂತ್ರವನ್ನು ನಡಿಸುವ ರೀತಿಯನ್ನು ವಿವರಿಸುವ, 500 ಪುಟಗಳನ್ನು ಮೀರಿದ ಗ್ರಂಥವೊಂದನ್ನು ಐಕನ್ನರ ಅಪ್ಪಣೆಯಂತೆ ಆಕೆಯು ಬರೆದಳು. 1946ರಲ್ಲಿ ಅದು ಅಚ್ಚಾಗಿ, ಓದಬಯಸಿದವರೆಲ್ಲರ ಕೈಗೂ ಸಿಕ್ಕುವಂತಾಯಿತು.

ಯಂತ್ರದಲ್ಲಿ ಹುಳುವನ್ನು ಕಂಡುಹಿಡಿದವಳು ಈಕೆಯೇ ಎಂಬ ಕಥೆಯನ್ನು ನೀವು ಕೇಳಿರಬಹುದು. 1947ನೆಯ ಇಸವಿ ಸೆಪ್ಟೆಂಬರ್ 9ನೆಯ ತಾರೀಖು ಮಾರ್ಕ್ ಎರಡು ಎಂಬ ಯಂತ್ರದ ಒಂದು ರಿಲೇಯಲ್ಲಿ ಪತಂಗವೊಂದು ಸಿಕ್ಕಿಕೊಂಡಿದ್ದುದೂ, ಅದನ್ನು ದಿನಚರಿಯ ಪುಸ್ತಕದಲ್ಲಿ ಅಂಟಿಸಿದ್ದುದೂ ನಿಜ. ಆದರೆ ಅದನ್ನು ಹಿಡಿದವರು ಯಂತ್ರವನ್ನು ನಡಿಸುತ್ತಿದ್ದವರು; ದೋಷಕ್ಕೆ ಹುಳುವೆನ್ನುವ ಮಾತು ಎಂಜಿನಿಯರುಗಳಲ್ಲಿ ಅದಕ್ಕೂ ಬಹಳ ಹಿಂದಿನಿಂದಲೇ ಇತ್ತು. ಗ್ರೇಸಳು ಆ ಕಥೆಯನ್ನು ರಸವತ್ತಾಗಿ ಹೇಳುತ್ತಿದ್ದುದರಿಂದ ಅದು ಆಕೆಯ ಹೆಸರಿಗೆ ಅಂಟಿಕೊಂಡಿತು.

ಈ ವರುಷಗಳು ಆಕೆಗೆ ಸುಖದ ವರುಷಗಳಾಗಿರಲಿಲ್ಲ. 1945ರಲ್ಲಿ ವಿವಾಹಬಂಧನವು ಕಡಿದುಹೋಯಿತು, ಮಕ್ಕಳಿರಲಿಲ್ಲ. ಹಾರ್ವರ್ಡಿನಲ್ಲಿ ಶಾಶ್ವತವಾದ ಸ್ಥಾನವು ದೊರೆಯುವಂತಿರಲಿಲ್ಲ. ಆ ಸಂಕಟದಲ್ಲಿ ಮದ್ಯಪಾನದ ದುರಭ್ಯಾಸಕ್ಕೂ ಒಳಗಾಗಿ, 1949ರಲ್ಲಿ ಒಮ್ಮೆ ಪೊಲೀಸರ ಕೈಗೆ ಸಿಕ್ಕಿದಳು. ಹಿತೈಷಿಯೊಬ್ಬರು ಮುಚ್ಚುಮರೆಯಿಲ್ಲದೆ ಪತ್ರ ಬರೆದು ಎಚ್ಚರಿಸಿದರು. ಇದನ್ನು ಬಾಲಿಕೆಯರ ಸಂಚಿಕೆಯಲ್ಲಿ ಬರೆಯಬೇಕೇ ಎಂದು ನಾನು ಆಲೋಚಿಸಿ, ಬರೆಯುವುದೇ ಸರಿಯೆಂದು ಕಂಡುದರಿಂದ ಬರೆದಿದ್ದೇನೆ.

ಅದೇ 1949ರಲ್ಲಿ ಆಕೆಯು ಫಿಲಡೆಲ್ಫಿಯದಲ್ಲಿ ಎಕರ್ಟ್ ಮತ್ತು ಮಾಕ್ಲಿ ಎಂಬವರ ಕಂಪೆನಿಗೆ ಸೇರಿದಳು. ಮರುವರುಷ ಅದನ್ನು ರೆಮಿಂಗ್ಟನ್ ರಾಂಡ್ ಎಂಬ ಟೈಪ್‌ರೈಟರುಗಳ ಕಂಪೆನಿಯವರು ಕೊಂಡುಕೊಂಡರು. ಅಲ್ಲಿ ತಯಾರಾದ ಯೂನಿವಾಕ್ ಯಂತ್ರದ ಬೆಲೆಯು ಹತ್ತು ಲಕ್ಷ ಡಾಲರುಗಳಿಗೂ ಮಿಕ್ಕಿತ್ತು. ಹಳೆಯ ನೋಟುಪುಸ್ತಕಗಳ ತೊಂದರೆಯನ್ನು ನೀಗಿಸುವ ಉಪಾಯವು ಆಕೆಗೆ ಇಲ್ಲಿ ಹೊಳೆಯಿತು. ಆರಾಧನೆಯ ದಿನ ನಮ್ಮ ಸಭೆಯಲ್ಲಿ ಹಲಗೆಯ ಮೇಲೆ ಗೀತೆಗಳ ಅಂಕೆಗಳನ್ನು ಮಾತ್ರ ಹಾಕುತ್ತಾರಷ್ಟೆ. ಪೂರ್ತಿ ಗೀತೆಯನ್ನು ಯಾರೂ ಬರೆಯುವುದಿಲ್ಲ. ಸಭೆಯವರು ಅಂಕೆಯನ್ನು ನೋಡಿ ಪುಸ್ತಕವನ್ನು ತೆರೆದು ಹಾಡುತ್ತಾರೆ. ಅದರಂತೆಯೇ, ಸರಿನೋಡಿದ ಆಜ್ಞೆಗಳ ತುಂಡುಗಳನ್ನು ಟೇಪಿನಲ್ಲಿ ಕೂಡಿಟ್ಟು ಒಂದೊಂದಕ್ಕೂ ಒಂದು ಗುರುತನ್ನು ಕೊಟ್ಟು, ಮನುಷ್ಯನು ಗುರುತನ್ನು ಮಾತ್ರ ಬರೆದರೆ ಯಂತ್ರವೇ ಆಯಾ ತುಂಡನ್ನು ತಂದು, ಸ್ಥಾನದ ಅಂಕೆಗಳನ್ನು ತಾನೇ ಕೂಡಿಸಿಕೊಂಡು, ಎಲ್ಲವನ್ನೂ ಜೋಡಿಸುವಂತೆ ಆಕೆಯು ಏರ್ಪಡಿಸಿದಳು. ಇದಕ್ಕೆ ಕಂಪೈಲರ್ ಎಂದು ಹೆಸರಿಟ್ಟಳು. 1952ರಲ್ಲಿ ಇದು ನಡೆಯಹತ್ತಿತು. ಯಂತ್ರವು ಲೆಕ್ಕವನ್ನು ಮಾಡೀತೇ ಹೊರತು ಪ್ರೋಗ್ರಾಮನ್ನು ಬರೆಯಲಾರದೆಂದು ಹೇಳಿ ಬಹುಮಂದಿ ನಂಬಲೇ ಇಲ್ಲ. ತನಗಿಂತ ಮೊದಲು ಬೆಟ್ಟಿ ಹಾಲ್ಬರ್ಟನ್ ಎಂಬಾಕೆಯು ಮಾಡಿದ್ದ ಕೆಲಸದಿಂದಲೇ ತನಗೆ ಧೈರ್ಯ ಬಂದಿತೆಂದು ಗ್ರೇಸಳು ಕೊನೆಯವರೆಗೂ ಒಪ್ಪಿಕೊಳ್ಳುತ್ತಿದ್ದಳು.

ಈ ಕಂಪೈಲರನ್ನು ತಿದ್ದಿ ಬೆಳೆಸಿದ ಮೂರನೆಯ ರೂಪಕ್ಕೆ ಎ-2 ಎಂದು ಹೆಸರು. 1953ರ ಕೊನೆಯ ವೇಳೆಗೆ ಅದನ್ನು ಯೂನಿವಾಕ್ ಯಂತ್ರವನ್ನು ಕೊಂಡವರಿಗೆ ಕೊಟ್ಟರು. ಕೊಡುವಾಗ, ಅದು ಒಳಗೆ ಹೇಗೆ ಕಟ್ಟಲ್ಪಟ್ಟಿದೆಯೆಂಬ ಮೂಲದ ಆಜ್ಞೆಗಳೆಲ್ಲವನ್ನೂ ಜೊತೆಗೇ ಕೊಟ್ಟು, ನೀವು ಇದರಲ್ಲಿ ಏನನ್ನಾದರೂ ಉತ್ತಮಪಡಿಸಿದರೆ ನಮಗೂ ಕಳುಹಿಸಿರೆಂದು ಕೇಳಿಕೊಂಡರು. ಈಗ ಜಗತ್ತಿನಲ್ಲೆಲ್ಲಾ ಮುಕ್ತ ತಂತ್ರಾಂಶವೆಂದು ಯಾವುದನ್ನು ಕರೆಯುತ್ತಾರೋ ಅದರ ಅತಿ ಹಳೆಯ ನಿದರ್ಶನಗಳಲ್ಲಿ ಇದೊಂದೆಂದು ಬಲ್ಲವರು ಎಣಿಸುತ್ತಾರೆ. ಎರಡು ವರುಷಗಳ ಮೇಲೆ, 1955ರಲ್ಲಿ, ಐ.ಬಿ.ಎಮ್. ಕಂಪೆನಿಯ ಯಂತ್ರಗಳನ್ನು ಕೊಂಡವರೂ ಶೇರ್ ಎಂಬ ಸಂಘವನ್ನು ಕಟ್ಟಿಕೊಂಡು ತಮ್ಮತಮ್ಮ ಪ್ರೋಗ್ರಾಮುಗಳನ್ನು ಹಂಚಿಕೊಳ್ಳತೊಡಗಿದರು.

ಇದೆಲ್ಲಾ ಬರಿಯ ಔದಾರ್ಯವೆಂದು ಹೇಳಿದರೆ ನಾನು ನಿಮಗೆ ಅರ್ಧಸತ್ಯವನ್ನು ಕಲಿಸಿದಂತಾಗುವುದು. ಆಗ ಕಂಪೆನಿಗಳು ಮಾರುತ್ತಿದ್ದುದು ಯಂತ್ರಗಳನ್ನು. ಪ್ರೋಗ್ರಾಮುಗಳು ಒಳ್ಳೆಯವಾದಷ್ಟೂ ಯಂತ್ರಗಳು ಹೆಚ್ಚಾಗಿ ಮಾರಾಟವಾಗುತ್ತಿದ್ದವು; ಆದಕಾರಣ ಅವನ್ನು ಕೊಟ್ಟುಬಿಡುವುದರಲ್ಲಿ ನಷ್ಟವಿರಲಿಲ್ಲ. ಕಾಲವು ಬದಲಾಯಿತು. 1969ರ ಜೂನಿನಲ್ಲಿ ಐ.ಬಿ.ಎಮ್. ಕಂಪೆನಿಯವರು ಪ್ರೋಗ್ರಾಮುಗಳಲ್ಲಿ ಕೆಲವಕ್ಕೆ ಪ್ರತ್ಯೇಕವಾಗಿ ಬೆಲೆಕಟ್ಟುವೆವೆಂದು ಸಾರಿದರು. 1976ರಲ್ಲಿ ಬಿಲ್ ಗೇಟ್ಸ್ ಎಂಬ ತರುಣರು, ತಾವು ಬರೆದ ಪ್ರೋಗ್ರಾಮನ್ನು ಹವ್ಯಾಸಿಗಳು ಹಣಕೊಡದೆ ನಕಲುಮಾಡಿಕೊಳ್ಳುವುದು ಕಳ್ಳತನವೆಂದು ಬಹಿರಂಗ ಪತ್ರವನ್ನು ಬರೆದರು. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಎಂಬವರು ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿದು, ಎಲ್ಲರೂ ಓದಿ ತಿದ್ದಿ ಹಂಚಬಹುದಾದ ಪ್ರೋಗ್ರಾಮುಗಳನ್ನೇ ಬರೆಯುವ ಉದ್ಯಮವನ್ನು ಸಾರಿದರು. ಈ ವಾದವು ಇನ್ನೂ ಮುಗಿದಿಲ್ಲ. ದುಡಿದವನು ಕೂಲಿಯನ್ನು ಕೇಳುವುದು ಪಾಪವಲ್ಲ. ಸಂಬಳವನ್ನು ತೆಗೆದುಕೊಂಡು ಪಾಠಹೇಳುವ ನಾನು ಹಾಗೆ ಹೇಳಲಾರೆನು. ಗ್ರೇಸಳೂ ಸಂಬಳಕ್ಕೆ ದುಡಿದವಳೇ. ಆದರೆ ಒಳಗೇನಿದೆಯೆಂದು ನೋಡಗೊಡದ ಗಡಿಯಾರದಿಂದ ಆ ಏಳು ವರುಷದ ಹುಡುಗಿಯು ಏನನ್ನು ಕಲಿಯುತ್ತಿದ್ದಳೆಂದು ನಾನು ಯೋಚಿಸುವುದುಂಟು.

ಆಕೆಯ ಮುಂದಿನ ಪ್ರಯತ್ನವು ಅಂಕೆ ಸಂಕೇತಗಳಿಗೆ ಬದಲಾಗಿ ಇಂಗ್ಲಿಷ್ ಮಾತುಗಳಿಂದಲೇ ಯಂತ್ರಕ್ಕೆ ಆಜ್ಞೆಕೊಡುವುದು. ವ್ಯಾಪಾರದ ಲೆಕ್ಕವನ್ನು ಬಲ್ಲವರೆಲ್ಲರೂ ಗಣಿತದ ಚಿಹ್ನೆಗಳನ್ನು ಬಲ್ಲವರಲ್ಲವಷ್ಟೆ. ಇಂಗ್ಲಿಷಿನಂತೆಯೇ ಫ್ರೆಂಚ್, ಜರ್ಮನ್ ಮಾತುಗಳಿಗೂ ಯಂತ್ರವು ಒಪ್ಪುವುದೆಂದು ಆಕೆಯು ತೋರಿಸಲು, ಫಿಲಡೆಲ್ಫಿಯದಲ್ಲಿ ಹುಟ್ಟಿದ ಯಂತ್ರವು ಪರದೇಶದ ಭಾಷೆಯನ್ನು ಹೇಗೆ ತಿಳಿದೀತೆಂದು ಮೇಲಧಿಕಾರಿಗಳು ಗಾಬರಿಗೊಂಡರಂತೆ! ಕೊನೆಗೆ ಇಂಗ್ಲಿಷೇ ನಿಂತಿತು. ಆ ಭಾಷೆಗೆ ಫ್ಲೋ-ಮ್ಯಾಟಿಕ್ ಎಂದು ಹೆಸರಾಯಿತು.

ಆದರೆ ಪ್ರತಿಯೊಂದು ಕಂಪೆನಿಗೂ ಒಂದೊಂದು ಭಾಷೆಯಾದರೆ, ಒಂದು ಯಂತ್ರಕ್ಕೆ ಬರೆದುದು ಇನ್ನೊಂದಕ್ಕೆ ನಿಷ್ಪ್ರಯೋಜಕ. ಆದುದರಿಂದ 1959ರಲ್ಲಿ ಸರ್ಕಾರದವರೂ ಹಲವು ಕಂಪೆನಿಗಳವರೂ ಕೂಡಿ ಕೋಬಾಲ್ ಎಂಬ ಸಾಮಾನ್ಯ ಭಾಷೆಯನ್ನು ರಚಿಸಲು ಹೊರಟರು. ಇಂಥದೊಂದು ಭಾಷೆ ಬೇಕೆಂಬ ಮಾತನ್ನೆತ್ತಿದವಳು ಮೇರಿ ಹಾವ್ಸ್. ರಚನೆಯಲ್ಲಿ ದುಡಿದವರಲ್ಲಿ ಜೀನ್ ಸ್ಯಾಮೆಟ್ ಮುಖ್ಯಳು. ಗ್ರೇಸಳು ಸಲಹೆಗಾರ್ತಿಯಾಗಿದ್ದಳು, ಆಕೆಯ ಫ್ಲೋ-ಮ್ಯಾಟಿಕ್ ಅದಕ್ಕೆ ತಳಹದಿಯಾಯಿತು. 1960ರ ಡಿಸೆಂಬರ್ 6 ಮತ್ತು 7ನೆಯ ತಾರೀಖುಗಳಲ್ಲಿ ಹೆಚ್ಚುಕಡಿಮೆ ಒಂದೇ ಪ್ರೋಗ್ರಾಮನ್ನು ಎರಡು ಬೇರೆ ಕಂಪೆನಿಗಳ ಯಂತ್ರಗಳಲ್ಲಿ ನಡಿಸಿ ತೋರಿಸಿದರು. ಕೋಬಾಲಿನ ವರದಿಯ ಮೊದಲಲ್ಲಿ ಒಂದು ಕೃತಜ್ಞತಾಪತ್ರವಿದೆ. ಈ ಭಾಷೆಯು ಯಾವ ಕಂಪೆನಿಯ ಸ್ವತ್ತೂ ಅಲ್ಲವೆಂದೂ, ಇದನ್ನು ಯಾರು ಬೇಕಾದರೂ ಪ್ರತಿಮಾಡಿಕೊಳ್ಳಬಹುದೆಂದೂ, ಆದರೆ ಯಾರ ಯಾರ ಕೆಲಸದಿಂದ ಇದು ಉಂಟಾಯಿತೋ ಅವರ ಹೆಸರುಗಳಿರುವ ಈ ಭಾಗವನ್ನು ಜೊತೆಯಲ್ಲಿಯೇ ಅಚ್ಚುಮಾಡಬೇಕೆಂದೂ ಅದರ ಅಭಿಪ್ರಾಯ. ಎರವಲು ತೆಗೆದುಕೊಂಡ ಪುಸ್ತಕದ ಮೇಲೆ ಒಡತಿಯ ಹೆಸರನ್ನು ಕೆರೆದುಹಾಕುವ ಹುಡುಗಿಯರು ಇದನ್ನು ಎರಡು ಸಲ ಓದಲಿ.

ವಯಸ್ಸಾಯಿತೆಂದು 1966ರ ಕೊನೆಯಲ್ಲಿ ನೌಕಾದಳದವರು ಆಕೆಗೆ ವಿಶ್ರಾಂತಿಯನ್ನು ಕೊಟ್ಟರು. ಏಳು ತಿಂಗಳಾಗುವಷ್ಟರಲ್ಲಿ, ಆರು ತಿಂಗಳ ಮಟ್ಟಿಗೆಂದು ಹಿಂದಕ್ಕೆ ಕರೆದರು. ಆ ಆರು ತಿಂಗಳು ಸುಮಾರು ಹತ್ತೊಂಬತ್ತು ವರುಷಗಳಾದವು. ಕಂಪೆನಿಗಳು ಮಾರುವ ಕೋಬಾಲ್ ಕಂಪೈಲರುಗಳು ನಿಜವಾಗಿ ಆ ಸಾಮಾನ್ಯ ಭಾಷೆಯನ್ನು ಅನುಸರಿಸುತ್ತವೆಯೇ ಎಂದು ನೋಡುವ ಪರೀಕ್ಷೆಗಳನ್ನು ಆಕೆಯ ತಂಡದವರು ಸಿದ್ಧಪಡಿಸಿದರು. 1969ರಲ್ಲಿ ಗಣಕಶಾಸ್ತ್ರದ ಒಂದು ಸಂಘದವರು ಆಕೆಗೆ ಬಿರುದನ್ನಿತ್ತರು. ಆ ಬಿರುದಿನ ಹೆಸರು ವರ್ಷದ ಪುರುಷ! 1986ರ ಆಗಸ್ಟ್ 14ನೆಯ ತಾರೀಖು, ಬಾಸ್ಟನ್ನಿನಲ್ಲಿ ಕಾನ್ಸ್ಟಿಟ್ಯೂಷನ್ ಎಂಬ ಹಳೆಯ ಹಡಗಿನ ಮೇಲೆ, 79 ವರುಷದ ರಿಯರ್ ಅಡ್ಮಿರಲ್ ಆಗಿ ನಿವೃತ್ತಳಾದಳು. 1992ನೆಯ ಇಸವಿ ಜನವರಿ 1ನೆಯ ತಾರೀಖು ಮರಣಹೊಂದಿದಳು. ಆರ್ಲಿಂಗ್ಟನ್ನಿನ ರಾಷ್ಟ್ರೀಯ ಸಮಾಧಿಭೂಮಿಯಲ್ಲಿ ಆಕೆಯ ದೇಹವನ್ನು ಮಣ್ಣುಮಾಡಿದರು.

ಆಕೆಯ ಕಚೇರಿಯ ಗೋಡೆಯಲ್ಲಿ ಮುಳ್ಳುಗಳು ಹಿಂದುಮುಂದಾಗಿ ತಿರುಗುವ ಗಡಿಯಾರವೊಂದಿತ್ತು. ಬಂದವರು ಮೊದಲು ತಬ್ಬಿಬ್ಬಾಗಿ, ಆಮೇಲೆ ಅದರಲ್ಲಿಯೂ ಸರಿಯಾದ ವೇಳೆಯನ್ನು ಓದುವುದಕ್ಕೆ ಕಲಿತುಕೊಳ್ಳುತ್ತಿದ್ದರು. ಭಾಷಣಗಳಿಗೆ ಹೋಗುವಾಗ ಆಕೆಯು ತಂತಿಯ ತುಂಡುಗಳ ಕಟ್ಟನ್ನು ಒಯ್ಯುತ್ತಿದ್ದಳು. ಒಂದೊಂದು ತುಂಡೂ ಒಂದಡಿಗೆ ತುಸು ಕಡಿಮೆ, 11.8 ಅಂಗುಲ, ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು ಹೊತ್ತಿನಲ್ಲಿ ಬೆಳಕು ಹೋಗಬಲ್ಲ ದೂರವದು. ಭಾಷಣವು ಮುಗಿದ ಮೇಲೆ ಆ ತುಂಡುಗಳನ್ನು ಕೇಳಿದವರಿಗೆಲ್ಲಾ ಹಂಚಿಬಿಡುತ್ತಿದ್ದಳು. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿ ಅಂಥದೊಂದು ಕಟ್ಟನ್ನು ಇಟ್ಟಿದ್ದಾರೆ.